ಕಚೇರಿಯೊಳಗೆ ಮಾತಿಗೂ ಮೌನಕ್ಕೂ ಎಡೆಯಿರಲಿ

"ಇಡೀ ದಿನ ತಣ್ಣನೆಯ ಕೊಠಡಿಯಲ್ಲಿ ಕುರ್ಚಿಯ ಮೇಲೆ ಕುಳಿತು ಬರುವವನಿಗೆ ದಣಿವೆಂಥದು?" ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ದುಡಿಯುವ ಮಕ್ಕಳ ಕುರಿತು ಹಿರಿಯರು ಆಡುವ ಈ ಮಾತನ್ನು ನಾವು ಮನೆಭೇಟಿಯ ವೇಳೆ ಹಲವು ಬಾರಿ ಕೇಳಿದ್ದೇವೆ. ಗದ್ದೆಯ ಕೆಸರಿನಲ್ಲಿ ನಿಂತು ದುಡಿದವರು, ಹೆಂಚಿನ ಕಾರ್ಖಾನೆಯ ಬಿಸಿಯುಂಡವರು ಹೀಗೆ ಕೇಳುವುದು ಸಹಜವೇ. ಆದರೆ ಸಂಜೆ ಮನೆ ಸೇರಿದ ಮಗಳು ಯಾರೊಡನೆಯೂ ಮಾತನಾಡಲೊಲ್ಲದೆ ಕೋಣೆಯ ಬಾಗಿಲು ಮುಚ್ಚಿಕೊಂಡರೆ, ಅದನ್ನು ಅಹಂಕಾರವೆಂದು ತೀರ್ಮಾನಿಸುವ ಮೊದಲು, ಆಕೆ ಹಗಲನ್ನು ಕಳೆದ ಸ್ಥಳ ಎಂಥದೆಂದು ವಿಚಾರಿಸುವುದು ನ್ಯಾಯ.

ಆ ಸ್ಥಳವು ಬಹುಮಟ್ಟಿಗೆ ಗೋಡೆಗಳಿಲ್ಲದ ವಿಶಾಲ ಹಜಾರ. ಸಾಲುಸಾಲು ಮೇಜುಗಳು, ಎದುರಿಗೊಬ್ಬರು, ಪಕ್ಕಕ್ಕೊಬ್ಬರು, ಬೆನ್ನ ಹಿಂದೆ ಓಡಾಡುವವರು. ಇದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ಬಫಲೋ ನಗರದಲ್ಲಿ ಸಾಬೂನು ಮಾರುವ ಲಾರ್ಕಿನ್ ಕಂಪನಿಗಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ನಿರ್ಮಿಸಿದ ಕಚೇರಿ 1906ರಲ್ಲೇ ಹೀಗಿತ್ತು. ನಡುವೆ ಮೇಲಿನಿಂದ ಬೆಳಕು ಸುರಿಯುವ ಎತ್ತರದ ಅಂಗಳ, ಸುತ್ತ ಮಹಡಿಗಳು, ಎಲ್ಲೆಡೆ ಗುಮಾಸ್ತರ ಮೇಜುಗಳು. ಅಲ್ಲಿ ಮೇಲಧಿಕಾರಿಗಳೂ ಆ ತೆರೆದ ಅಂಗಳದಲ್ಲೇ ಕುಳಿತುಕೊಳ್ಳುತ್ತಿದ್ದರು. ಮುಕ್ತತೆಯನ್ನು ಬೋಧಿಸಿ ತಾವು ಮಾತ್ರ ಗಾಜಿನ ಬಾಗಿಲ ಹಿಂದೆ ಕೂರುವ ಇಂದಿನ ಕೆಲವರಿಗೆ ಈ ಸಂಗತಿಯನ್ನು ನೆನಪಿಸಬೇಕೆನಿಸುತ್ತದೆ.

1950ರ ದಶಕದ ಕೊನೆಯಲ್ಲಿ ಜರ್ಮನಿಯ ಶ್ನೆಲ್ಲೆ ಸಹೋದರರು ಸಾಲುಗಳನ್ನೇ ಮುರಿದರು. ಯಾರು ಯಾರೊಡನೆ ವ್ಯವಹರಿಸಬೇಕೋ ಅವರ ಮೇಜುಗಳನ್ನು ಹತ್ತಿರ ತಂದು, ಮಧ್ಯೆ ಗಿಡಗಳನ್ನೂ ತಗ್ಗಿನ ತಡಿಕೆಗಳನ್ನೂ ಇರಿಸಿ, ಕಚೇರಿಯನ್ನು ಒಂದು ತೋಟದಂತೆ ಹರಡಿದರು. ಅಧಿಕಾರದ ಮೆಟ್ಟಿಲುಗಳು ಕರಗಲಿ ಎಂಬುದು ಅವರ ಸದುದ್ದೇಶ. ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ಎಂಬವರು 1968ರಲ್ಲಿ ಹರ್ಮನ್ ಮಿಲ್ಲರ್ ಕಂಪನಿಗಾಗಿ ಬೇಕಾದಂತೆ ಜೋಡಿಸಬಲ್ಲ ಅಡ್ಡಫಲಕಗಳನ್ನು ರೂಪಿಸಿದರು. ಕೆಲಸಗಾರನಿಗೆ ಹೊರನೋಟವೂ ಇರಬೇಕು, ಮರೆಯೂ ಇರಬೇಕು ಎಂದು ಅವರು ಅವನ್ನು ಅಗಲ ಕೋನದಲ್ಲಿ ತೆರೆದಿಟ್ಟರು. ಕಂಪನಿಗಳು ಅದೇ ಫಲಕಗಳನ್ನು ಚೌಕಾಕಾರಕ್ಕೆ ಒತ್ತಿ, ಒಂದು ಮಹಡಿಯಲ್ಲಿ ಎಷ್ಟು ಜನರನ್ನು ತುಂಬಬಹುದೆಂದು ಲೆಕ್ಕ ಹಾಕಿದವು. ಕ್ಯೂಬಿಕಲ್ ಹುಟ್ಟಿದ್ದು ಹೀಗೆ. ತಮ್ಮ ಕಲ್ಪನೆಯ ಈ ಗತಿಯನ್ನು ಪ್ರಾಪ್ಸ್ಟ್ ಅವರೇ ಮುಂದೆ ಕಟುವಾಗಿ ಖಂಡಿಸಿದರು.

ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವ ಗುರಿಗಾಗಿ ಇದೆಯೆಂದು ಕೇಳಬೇಕು ಎಂದು ಅರಿಸ್ಟಾಟಲ್ ಕಲಿಸಿದ. ಆ ಪ್ರಶ್ನೆಯನ್ನು ತೆರೆದ ಹಜಾರಕ್ಕೂ ಕೇಳೋಣ. ಜನರು ಪರಸ್ಪರ ಬೆರೆಯಲಿ, ಮಾತಾಡಲಿ, ವಿಚಾರಗಳು ಹುಟ್ಟಲಿ ಎಂಬುದೇ ಅದರ ಗುರಿಯೆಂದು ಹೇಳಲಾಗುತ್ತದೆ. ಹಾರ್ವರ್ಡಿನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಅಲ್ಲಾಡಿಸಿತು. ಎರಡು ದೊಡ್ಡ ಕಂಪನಿಗಳು ಗೋಡೆ ತೆಗೆದು ತೆರೆದ ಕಚೇರಿಗೆ ಬದಲಾದಾಗ, ನೌಕರರು ಮುಖಾಮುಖಿ ಆಡುವ ಮಾತು ಸುಮಾರು ಶೇಕಡಾ 70ರಷ್ಟು ಇಳಿಯಿತು. ಇ-ಮೇಲ್ ಮತ್ತು ಸಂದೇಶಗಳು ಏರಿದವು. ಪಕ್ಕದಲ್ಲೇ ಕುಳಿತವನಿಗೆ ಪತ್ರ ಬರೆಯುವ ಸ್ಥಿತಿ! ನಮಗಿದು ಆಶ್ಚರ್ಯ ತರಲಿಲ್ಲ. ಎಲ್ಲರ ಕಣ್ಣೆದುರು ಇರುವವನು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಾನೆ. ಕಿವಿಗೆ ಸಿಕ್ಕಿಸಿದ ಹೆಡ್‌ಫೋನ್ ಅಂಥದೊಂದು ಗೋಡೆ.

ಗದ್ದಲಕ್ಕಿಂತ ಮಾತೇ ಹೆಚ್ಚು ಕಾಡುತ್ತದೆ ಎಂಬುದನ್ನೂ ಗಮನಿಸಬೇಕು. ಫ್ಯಾನಿನ ಸದ್ದಿಗೆ ಕಿವಿ ಒಗ್ಗೀತು. ಅರ್ಥವಾಗುವ ಮಾತು ಕೇಳಿಬಂದರೆ ಮನಸ್ಸು ಬೇಡವೆಂದರೂ ಅದರ ಹಿಂದೆ ಹೋಗುತ್ತದೆ. ಅದರಲ್ಲೂ ಫೋನಿನಲ್ಲಿ ಮಾತಾಡುವವನ ಒಂದೇ ಬದಿಯ ಮಾತು ಇನ್ನೂ ಕೆಟ್ಟದ್ದು. ಕೇಳದ ಇನ್ನೊಂದು ಬದಿಯನ್ನು ಮನಸ್ಸು ತಾನೇ ತುಂಬಿಕೊಳ್ಳಲು ಹೆಣಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಮಗಳ ದಣಿವಿನ ಒಂದು ಪಾಲು ಬೆನ್ನಿನದಲ್ಲ, ಬೇಡದ ಮಾತುಗಳನ್ನು ದಿನವಿಡೀ ದೂಡಿ ದೂಡಿ ಸೋತ ಮನಸ್ಸಿನದು.

ಹಾಗೆಂದು ಎಲ್ಲರನ್ನೂ ಒಂಟಿ ಕೋಣೆಗಳಲ್ಲಿ ಕೂರಿಸಬೇಕೆಂದು ನಾವು ವಾದಿಸುತ್ತಿಲ್ಲ. ಮನುಷ್ಯ ಸಂಘಜೀವಿ; ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹಿರಿಯರ ಮಗ್ಗುಲಲ್ಲಿ ಕುಳಿತು ಕಲಿಯುವುದನ್ನು ಯಾವ ಪುಸ್ತಕವೂ ಕಲಿಸದು. ಸ್ವೀಡನ್ನಿನವರು 1970ರ ದಶಕದ ಕೊನೆಯಲ್ಲಿ ರೂಪಿಸಿದ ವಿನ್ಯಾಸ ನಮಗೆ ವಿವೇಕದ್ದೆಂದು ತೋರುತ್ತದೆ. ಕಟ್ಟಡದ ಅಂಚಿಗೆ, ಕಿಟಕಿಯ ಬೆಳಕು ಬೀಳುವಲ್ಲಿ, ಪ್ರತಿಯೊಬ್ಬರಿಗೂ ಗಾಜಿನ ಗೋಡೆಯ ಪುಟ್ಟ ಕೋಣೆ. ನಡುವೆ ಎಲ್ಲರಿಗೂ ಸೇರಿದ ದೊಡ್ಡ ಮೇಜು, ಕಾಫಿ, ಕಡತಗಳು. ಬಾಗಿಲು ಮುಚ್ಚಿದರೆ ಮೌನ, ತೆರೆದರೆ ಸಂಗ. ಮುಚ್ಚುವುದೂ ತೆರೆಯುವುದೂ ಕೆಲಸಗಾರನ ಕೈಯಲ್ಲಿದೆ ಎಂಬುದೇ ಅದರ ಹೆಚ್ಚುಗಾರಿಕೆ. ಹಾಲೆಂಡಿನ ಆಪಲ್‌ಡೋರ್ನ್‌ನಲ್ಲಿ 1972ರಲ್ಲಿ ಮುಗಿದ ವಿಮಾ ಕಂಪನಿಯೊಂದರ ಕಚೇರಿಯಲ್ಲಿ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ ದೊಡ್ಡ ಹಜಾರವನ್ನು ಕೆಲವೇ ಜನರ ಸಣ್ಣ ಸಣ್ಣ ಜಗಲಿಗಳಾಗಿ ಒಡೆದರು. ನೌಕರರು ಮನೆಯಿಂದ ಹೂಕುಂಡ, ಚಿತ್ರಗಳನ್ನು ತಂದು ತಮ್ಮ ಮೂಲೆಯನ್ನು ತಮ್ಮದಾಗಿಸಿಕೊಂಡರು.

ಇಷ್ಟೆಲ್ಲ ತಿಳಿದಿದ್ದೂ ನಮ್ಮ ಕಚೇರಿಗಳೇಕೆ ಹೀಗಿವೆ? ಉತ್ತರ ಬಾಡಿಗೆಯಲ್ಲಿದೆ. ಗೋಡೆ ಜಾಗ ತಿನ್ನುತ್ತದೆ, ಜಾಗಕ್ಕೆ ಚದರಡಿಯ ಲೆಕ್ಕದಲ್ಲಿ ಹಣ. 2020ರ ಮಹಾಮಾರಿಯ ಬಳಿಕ ಅನೇಕ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರಿಗೂ ಸ್ವಂತ ಮೇಜಿಲ್ಲದಂತೆ ಮಾಡಿವೆ. ಬೆಳಿಗ್ಗೆ ಬಂದವರು ಖಾಲಿ ಕಂಡಲ್ಲಿ ಕೂರಬೇಕು. ಇದಕ್ಕೂ ಸ್ವಾತಂತ್ರ್ಯವೆಂದೇ ಹೆಸರು. ಮಕ್ಕಳ ಚಿತ್ರವನ್ನಿಡಲೂ ಎಡೆಯಿಲ್ಲದ ಸ್ವಾತಂತ್ರ್ಯವನ್ನು ಆ ಹೆಸರಿನಿಂದ ಕರೆಯಲು ನಾವು ಒಪ್ಪಲಾರೆವು.

ನಮ್ಮ ಕುಟುಂಬಗಳಲ್ಲೂ ಇಂದು ವ್ಯವಸ್ಥಾಪಕರಿದ್ದಾರೆ, ಇಂಜಿನಿಯರರಿದ್ದಾರೆ, ಕಚೇರಿಯ ನಕ್ಷೆಗೆ ಸಹಿ ಹಾಕುವವರೂ ಇದ್ದಾರೆ. ಅವರ ಕೈಯಲ್ಲಿ ಆಗುವ ಕೆಲಸಗಳು ದುಬಾರಿಯವೇನಲ್ಲ. ಕಾಫಿ ಯಂತ್ರವನ್ನೂ ಮುದ್ರಣ ಯಂತ್ರವನ್ನೂ ಮೇಜುಗಳಿಂದ ದೂರ ಒಂದು ಮೂಲೆಗೆ ಸರಿಸಬಹುದು, ಹರಟೆ ಅಲ್ಲಿಯೇ ಧಾರಾಳವಾಗಿ ನಡೆಯಲಿ. ಫೋನ್ ಮಾತಿಗೆ ಬಾಗಿಲಿರುವ ಎರಡು ಮೂರು ಗೂಡುಗಳು, ಸದ್ದು ಹೀರುವ ಛಾವಣಿ, ಮಾತಾಡಬಾರದೆಂಬ ನಿಯಮವಿರುವ ಒಂದು ಓದುಕೋಣೆ, ಇಷ್ಟಾದರೂ ಇರಲಿ. ಎಲ್ಲಕ್ಕಿಂತ ಮೊದಲು, ನಕ್ಷೆ ಅಂತಿಮವಾಗುವ ಮುನ್ನ ಅಲ್ಲಿ ಕೂರುವವರನ್ನು ಕರೆದು ಕೇಳಲಿ. ಕೆಲಸ ಹುಡುಕುತ್ತಿರುವ ಯುವಜನರೂ ಸಂದರ್ಶನದ ದಿನ ಸಂಬಳದ ಜೊತೆಗೆ, ತಾವು ಕೂರುವ ಸ್ಥಳವನ್ನು ಒಮ್ಮೆ ನೋಡಬಹುದೇ ಎಂದು ಸಂಕೋಚವಿಲ್ಲದೆ ಕೇಳಲಿ.