ಈಸೂರಿನ ಐದು ಹೆಸರು, ಮತ್ತೆರಡು ಹೆಸರು

ಹೋದ ಏಪ್ರಿಲ್‌ನಲ್ಲಿ ನಮ್ಮ ಕನ್ನಡ ಸಂಘದಿಂದ ಹದಿನೈದು ಜನ ವಿದುರಾಶ್ವತ್ಥಕ್ಕೆ ಹೋಗಿದ್ವಿ. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, ಆದ್ರೆ 2007ರವರೆಗೂ ನಮ್ಮ ಕೋಲಾರ ಜಿಲ್ಲೆಯದ್ದೇ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಅಲ್ಲಿ ಗೋಲಿಬಾರ್ ಆಯ್ತು. ಸತ್ತವರು 10 ಜನ ಅಂತ ಆಗಿನ ಸರ್ಕಾರ ಹೇಳಿತು, 30ಕ್ಕೂ ಹೆಚ್ಚು ಅಂತ ಜನ ಹೇಳ್ತಾರೆ. ಒಂದು ತಿಂಗಳೊಳಗೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಮಾಡಿಕೊಂಡರು. ಮೈಸೂರಿನ ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟವೂ ಹಾರಬಹುದು ಅಂತಾಯ್ತು, ಚಳವಳಿಯ ಕೈದಿಗಳಿಗೆ ಬಿಡುಗಡೆಯಾಯ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಕೇಳಿದ: "ಇಲ್ಲಿಯವರನ್ನ ಬಿಟ್ಟರು, ಸರಿ. ಮತ್ತೆ ಈಸೂರಿನವರನ್ನ ಯಾಕೆ ಬಿಡಲಿಲ್ಲ?"

ನಿಜ ಹೇಳಬೇಕೆಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಮೀಡಿಯಂನವರು. ಈಸೂರು ಅಂದ್ರೆ "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಘೋಷಣೆ, ಅಷ್ಟೇ ನಮಗೆ ಗೊತ್ತಿದ್ದದ್ದು. ಹಾಸ್ಟೆಲ್‌ಗೆ ಬಂದ ಮೇಲೆ ಕೂತು ಓದಿದ್ವಿ. ಎರಡನೇ ಮಹಾಯುದ್ಧ ನಡೀತಿದ್ದ ಕಾಲ, ಕ್ವಿಟ್ ಇಂಡಿಯಾ ವರ್ಷ. 1942ರಲ್ಲಿ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ, ಕಂದಾಯ ಕೊಡಲ್ಲ ಅಂತ ಹೇಳಿ ತಾನೇ ಸ್ವತಂತ್ರ ಅಂತ ಸಾರಿಕೊಂಡಿತು. ಸೆಪ್ಟೆಂಬರ್ ಕೊನೆಗೆ ಅಧಿಕಾರಿಗಳು ಪೊಲೀಸರ ಜೊತೆ ಊರಿಗೆ ಬಂದಾಗ ಘರ್ಷಣೆಯಾಗಿ ಅಮಲ್ದಾರ್ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಜನರ ಕೈಯಲ್ಲಿ ಸತ್ತರು. ಆಮೇಲೆ ಊರಿನ ಮೇಲೆ ದೊಡ್ಡ ದಾಳಿಯೇ ನಡೆಯಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ನೇಣಿಗೆ ಹಾಕಿದರು. ಇನ್ನೂ ಹಲವರಿಗೆ, ಹೆಂಗಸರಿಗೂ ಸೇರಿ, ಜೀವಾವಧಿ ಶಿಕ್ಷೆಯಾಯ್ತು.

ನಾಲ್ಕೂವರೆ ವರ್ಷ ಆದ ಮೇಲೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಯಾವ ಕೆಲಸಕ್ಕೆ ನೇಣು ಕೊಟ್ಟಿದ್ದರೋ ಅದೇ ಕೆಲಸಕ್ಕೆ ಹುತಾತ್ಮ ಅನ್ನೋ ಹೆಸರು ಬಂತು. ಜೈಲಿನ ಬಾಗಿಲನ್ನ ಯಾವತ್ತು ಬೇಕಾದ್ರೂ ತೆಗೀಬಹುದು, ಹಗ್ಗ ಬಿದ್ದ ಕುತ್ತಿಗೆಗೆ ಯಾವ ಕ್ಷಮಾದಾನವೂ ಮುಟ್ಟಲ್ಲ. ಆದ್ದರಿಂದ ನಮ್ಮ ಮೊದಲ ಮಾತು ಇದು: ಯುದ್ಧ ನಡೆಯುತ್ತಿರುವಾಗ, ಆಳುವವರ ವಿರುದ್ಧ ಎದ್ದವರಿಗೆ ಮರಣದಂಡನೆ ಕೊಡಲೇಬಾರದು. ಯುದ್ಧ ಮುಗಿಯೋ ತನಕ ಯಾರು ಅಪರಾಧಿ, ಯಾರು ಹೋರಾಟಗಾರ ಅಂತ ತೀರ್ಮಾನಿಸೋಕೆ ಕೋರ್ಟಿಗೂ ಆಗಲ್ಲ, ಯಾಕಂದ್ರೆ ಆ ಕೋರ್ಟೂ ಯುದ್ಧದಲ್ಲಿರೋ ಒಂದು ಪಕ್ಷದ್ದೇ.

ಇಲ್ಲಿವರೆಗೂ ನಮ್ಮಲ್ಲಿ ಜಗಳವಿರಲಿಲ್ಲ. ಆಗ ಶ್ರೀನಿವಾಸಪುರದ ಗೆಳತಿ ಒಂದು ಮಾತು ಕೇಳಿದಳು. ಅವರಪ್ಪ ಪೊಲೀಸ್ ಕಾನ್‌ಸ್ಟೇಬಲ್. "ಆ ದಿನ ಈಸೂರಲ್ಲಿ ನಮ್ಮಪ್ಪ ಡ್ಯೂಟಿ ಮೇಲಿದ್ದಿದ್ರೆ ನೀವೆಲ್ಲ ಏನ್ ಹೇಳ್ತಿದ್ರಿ?"

ಮೆಸ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸತ್ತ ಇಬ್ಬರು ಇಂಗ್ಲಿಷರೇನಲ್ಲ. ಮೈಸೂರು ಸಂಸ್ಥಾನದ ಸಂಬಳ ತಗೊಳ್ತಿದ್ದ ನಮ್ಮವರೇ. ಅವರ ಮನೆಗೂ ಅವತ್ತು ಸುದ್ದಿ ಹೋಗಿರುತ್ತೆ. ಐದು ಹೆಸರನ್ನು ನಾವು ಆಗಲೇ ಬಾಯಿಪಾಠ ಮಾಡಿದ್ವಿ, ಈ ಎರಡು ಹೆಸರನ್ನು ಒಬ್ಬರೂ ನೆನಪಿಟ್ಟುಕೊಂಡಿರಲಿಲ್ಲ.

"ಹಾಗಾದ್ರೆ ಕ್ಷಮೆ ಬೇಡವಾ?" ಅಂತ ಮಾಲೂರಿನ ಗೆಳೆಯ ಕೇಳಿದ. ಬೇಕು. ಆದರೆ ಯಾವ ತರದ ಕ್ಷಮೆ ಅನ್ನೋದೇ ಪ್ರಶ್ನೆ. ಲೋಕದಲ್ಲಿ ಇದನ್ನು ಮೂರು ತರ ಮಾಡಿದ್ದು ನಮಗೆ ಸಿಕ್ಕಿತು.

ಒಂದು, ಕೆಂಪುಕೋಟೆಯ ದಾರಿ. ಯುದ್ಧ ಮುಗಿದ ಮೇಲೆ, 1945ರ ನವೆಂಬರ್‌ನಲ್ಲಿ, ಸುಭಾಷರ ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೇಲೆ ವಿಚಾರಣೆ ಶುರುವಾಯ್ತು. ದೇಶವೇ ಎದ್ದು ನಿಂತಿತು. ಕೋರ್ಟು ಜೀವಾವಧಿ ಗಡೀಪಾರು ಅಂದಿತು. 1946ರ ಜನವರಿಯಲ್ಲಿ ದಂಡನಾಯಕ ಆಕಿನ್‌ಲೆಕ್ ಗಡೀಪಾರನ್ನು ಮನ್ನಾ ಮಾಡಿದ, ಆದ್ರೆ ಸೇನೆಯಿಂದ ವಜಾ ಮಾಡಿದ್ದು ಹಾಗೇ ಉಳಿಯಿತು. ಸ್ವತಂತ್ರ ಭಾರತವೂ ಫೌಜಿನವರನ್ನು ಸೇನೆಗೆ ವಾಪಸ್ ತಗೊಳ್ಳಲಿಲ್ಲ. ಮನೆಗೆ ಹೋಗಿ ಅಂದರು, ನೀವು ತಪ್ಪು ಮಾಡಿಲ್ಲ ಅಂತ ಹೇಳಲಿಲ್ಲ. ಇದು ದೊರೆ ಕೊಡೋ ದಯೆ. ಇವತ್ತು ಕೊಟ್ಟ, ನಾಳೆ ಕೊಡದೇ ಇರಬಹುದು.

ಎರಡು, ಫ್ರಾನ್ಸಿನ ದಾರಿ. ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಫ್ರೆಂಚರ ಸಮಿತಿ 1943ರ ಜುಲೈ 6ರಂದು ಒಂದು ಶಾಸನ ಹೊರಡಿಸಿತು. ದೇಶದ ಬಿಡುಗಡೆಗಾಗಿ ಮಾಡಿದ ಕೆಲಸಗಳು ಆಗಿನ ಕಾನೂನಿಗೆ ವಿರುದ್ಧವಾಗಿದ್ರೂ ನ್ಯಾಯಸಮ್ಮತ ಅಂದಿತು. ಅದು ಕ್ಷಮೆಯಲ್ಲ, ಅಪರಾಧವೇ ಆಗಿಲ್ಲ ಅನ್ನೋ ಮಾತು. ಈಸೂರಿನ ನೇಣಾಗಿ ಸುಮಾರು ನಾಲ್ಕು ತಿಂಗಳಿಗೆ ಬಂದ ಶಾಸನ ಇದು! ಬಾವುಟ ಹಾರಿಸಿದ್ದಕ್ಕೆ, ಕಂದಾಯ ಕೊಡದೇ ಇದ್ದದ್ದಕ್ಕೆ, ತಂತಿ ಕತ್ತರಿಸಿದ್ದಕ್ಕೆ ಈ ದಾರಿಯೇ ಸರಿ ಅಂತ ನಮಗೆ ಅನ್ನಿಸುತ್ತೆ. ಅಲ್ಲಿ ಕ್ಷಮಿಸೋಕೆ ಏನೂ ಇಲ್ಲ.

ಆದರೆ ಗೆಳತಿಯ ಪ್ರಶ್ನೆಗೆ ಇದೂ ಉತ್ತರ ಕೊಡಲ್ಲ. ಜೀವ ಹೋದ ಕಡೆ "ಅದೆಲ್ಲ ನ್ಯಾಯ, ಮುಂದೆ ನಡೀರಿ" ಅನ್ನೋದು ಆಗಲ್ಲ. ಅದಕ್ಕೆ ಮೂರನೇ ದಾರಿ, ದಕ್ಷಿಣ ಆಫ್ರಿಕಾದ್ದು. 1995ರ ಕಾನೂನಿನ ಪ್ರಕಾರ ಅಲ್ಲಿ ರಾಜಕೀಯ ಉದ್ದೇಶಕ್ಕೆ ಹಿಂಸೆ ಮಾಡಿದವರು, ಯಾವ ಪಕ್ಷದವರೇ ಆಗಲಿ, ಆಯೋಗದ ಮುಂದೆ ಬಂದು ಪೂರ್ತಿ ಸತ್ಯ ಹೇಳಬೇಕಿತ್ತು. ಹೇಳಿದರೆ ಮಾತ್ರ ಕ್ಷಮಾದಾನ. ಸತ್ತವರ ಮನೆಯವರು ಅಲ್ಲೇ ಕೂತು ಕೇಳಬಹುದಿತ್ತು, ಒಪ್ಪಲ್ಲ ಅಂತಲೂ ಹೇಳಬಹುದಿತ್ತು. ಎಲ್ಲರಿಗೂ ಸಮಾಧಾನವಾಗಲಿಲ್ಲ ನಿಜ. ಆದರೂ ಅಪ್ಪನನ್ನು ಕಳೆದುಕೊಂಡವರಿಗೆ ಏನಾಯ್ತು ಅನ್ನೋದಾದ್ರೂ ತಿಳಿಯಿತು.

ಇಷ್ಟೆಲ್ಲ ಕ್ಷಮೆ ಕೊಟ್ಟರೆ ನಾಳೆ ಯಾರು ಬೇಕಾದ್ರೂ ಕೈಗೆ ಬಂದೂಕು ತಗೊಂಡು "ನಾನು ಹೋರಾಟಗಾರ" ಅನ್ನಲ್ವಾ? ಈ ಆಕ್ಷೇಪ ನಮ್ಮಲ್ಲೂ ಬಂತು, ಅದು ಸುಳ್ಳಲ್ಲ. ದೇಶದೊಳಗಿನ ಯುದ್ಧಗಳ ಬಗ್ಗೆ 1977ರ ಜಿನೀವಾ ಪ್ರೋಟೋಕಾಲ್, ಕದನ ಮುಗಿದ ಮೇಲೆ ಆದಷ್ಟು ವಿಶಾಲವಾದ ಕ್ಷಮಾದಾನ ಕೊಡೋಕೆ ಪ್ರಯತ್ನಿಸಿ ಅನ್ನುತ್ತೆ. ಆದರೆ ಯುದ್ಧಾಪರಾಧಕ್ಕೆ ಅದು ಸಲ್ಲದು ಅನ್ನೋದೇ ರೆಡ್‌ಕ್ರಾಸ್‌ನ ನಿಲುವು. ಗೆರೆ ಎಳೆಯೋಕೆ ಆಗುತ್ತೆ: ಶರಣಾದವರನ್ನ ಕೊಂದವರಿಗೆ, ಹೆಂಗಸರ ಮೇಲೆ ಕೈಮಾಡಿದವರಿಗೆ, ಸ್ವಂತ ದ್ವೇಷ ತೀರಿಸಿಕೊಂಡವರಿಗೆ ಕ್ಷಮೆ ಇಲ್ಲ. ಮತ್ತು ಈ ಗೆರೆ ಸರ್ಕಾರದ ಬಂದೂಕಿಗೂ ಅನ್ವಯ ಆಗಬೇಕು. ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದವರು ಲೆಕ್ಕ ಕೊಡಬೇಕಾಗಿಲ್ಲ, ಈಸೂರಿನವರು ಮಾತ್ರ ಕೊಡಬೇಕು ಅಂದ್ರೆ ಅದು ಕಾನೂನಲ್ಲ, ಗೆದ್ದವರ ಲೆಕ್ಕ.

ಕೊನೆಗೆ ನಾವು ಒಪ್ಪಿಕೊಂಡದ್ದು ಇಷ್ಟು. ಯುದ್ಧಕಾಲದ ಹೋರಾಟಗಾರರಿಗೆ ಕಾನೂನಿನ ಮೂಲಕವೇ ಕ್ಷಮಾದಾನ ಸಿಗಬೇಕು, ಯಾರದೋ ದಯೆಯಿಂದ ಅಲ್ಲ. ರಕ್ತ ಹರಿದ ಕಡೆ ಸತ್ಯ ಹೇಳಿಸಿ, ಎರಡೂ ಕಡೆ ಸತ್ತವರ ಹೆಸರು ಬರೆದು, ಆಮೇಲೆ ಕೊಡಬೇಕು. ಐವರನ್ನು ಹುತಾತ್ಮರು ಅನ್ನೋಕೆ ಉಳಿದ ಇಬ್ಬರನ್ನು ಮರೆಯಬೇಕಾಗಿಲ್ಲ.

ಶ್ರೀನಿವಾಸಪುರದ ಗೆಳತಿ ಪೂರ್ತಿ ಒಪ್ಪಲಿಲ್ಲ. "ಬರೆಯೋದಾದ್ರೆ ಏಳು ಹೆಸರೂ ಬರೀರಿ, ಆಮೇಲೆ ನೋಡೋಣ" ಅಂದಳು. ಬರೆದಿದ್ದೇವೆ. ಈ ವರ್ಷ ಅವಕಾಶ ಸಿಕ್ಕರೆ ಈಸೂರಿಗೇ ಹೋಗೋಣ ಅಂತಿದ್ದೇವೆ, ಬರೋರು ಸಂಘದಲ್ಲಿ ಹೆಸರು ಕೊಡಿ.