ಕಾಲು ಮುರಿದವನಿಗೆ ಮೂರನೇ ಮಹಡಿ ಕ್ಲಾಸು

ಕ್ಲಾಸ್‌ಮೇಟ್ ಯಾರಾದ್ರೂ ಬೈಕಿನಿಂದ ಬಿದ್ದು ಕಾಲು ಮುರ್ಕೊಂಡ್ರೆ ನಾವೆಲ್ಲ ಆಸ್ಪತ್ರೆಗೆ ಓಡ್ತೀವಿ, ಹಣ್ಣು ತಗೊಂಡು ಹೋಗ್ತೀವಿ, ಗ್ರೂಪಲ್ಲಿ 'ಗೆಟ್ ವೆಲ್ ಸೂನ್' ಹಾಕ್ತೀವಿ. ಇದೆಲ್ಲ ಬೇಕು. ಆದರೆ ನಿಜವಾದ ಕಷ್ಟ ಶುರುವಾಗೋದು ಡಿಸ್ಚಾರ್ಜ್ ಆದ ಮೇಲೆ. ಅದಕ್ಕೆ ನಮ್ಮ ಕ್ಯಾಂಪಸ್ ತಯಾರಿಲ್ಲ ಅನ್ನೋದೇ ನಮ್ಮ ತಕರಾರು.

ಈ ಸೆಮಿಸ್ಟರ್ ನಮ್ಮ ಸೆಕ್ಷನ್‌ನ ಒಬ್ಬನಿಗೆ ಮೊಣಕಾಲಿನ ಹತ್ತಿರವೇ ಮೂಳೆ ಮುರಿಯಿತು. ಎಲ್ಲಾ ಮುರಿತವೂ ಒಂದೇ ಅಲ್ಲ ಅಂತ ಆಗಲೇ ನಮಗೆ ಗೊತ್ತಾಗಿದ್ದು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಟಿಬಿಯಾ. ಅದರ ಮೇಲ್ತುದಿ ಅಗಲವಾಗಿ, ಚಪ್ಪಟೆಯಾಗಿ ಇರುತ್ತೆ. ತೊಡೆಮೂಳೆ ಅದರ ಮೇಲೆ ಕೂತು ಮೈಭಾರವನ್ನೆಲ್ಲ ಅಲ್ಲಿಂದಲೇ ಕೆಳಗೆ ಇಳಿಸುತ್ತೆ. ಡಾಕ್ಟರುಗಳು ಇದನ್ನು ಟಿಬಿಯಲ್ ಪ್ಲೇಟೋ ಅಂತಾರೆ. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಅದೊಂದು ಬೇರಿಂಗ್ ಸರ್ಫೇಸ್. ಅಲ್ಲಿ ತಗ್ಗು ಬಿದ್ದರೆ ಮೂಳೆ ಕೂಡಿದರೂ ಕೀಲು ಬೇಗ ಸವೆಯಬಹುದು. ಅದಕ್ಕೇ ಎಕ್ಸ್‌ರೇ ಜೊತೆಗೆ ಸಿಟಿ ಸ್ಕ್ಯಾನ್ ಮಾಡಿಸಿ, ಮೂಳೆ ಜರುಗಿದ್ದರೆ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕ್ತಾರೆ. 'ಪುತ್ತೂರು ಕಟ್ಟು ಕಟ್ಸಿ, ಸಾಕು' ಅನ್ನೋ ದೊಡ್ಡಪ್ಪ ಎಲ್ಲರ ಮನೆಯಲ್ಲೂ ಒಬ್ಬರು ಇರ್ತಾರೆ. ಕೀಲಿನೊಳಗೆ ತಗ್ಗಿಗೆ ಇಳಿದ ಮೂಳೆಯನ್ನು ಹೊರಗಿನಿಂದ ಕಟ್ಟು ಹಾಕಿ ಮೇಲೆತ್ತೋಕೆ ಆಗಲ್ಲ.

ಆಮೇಲೆ ಕಾಯೋದು. ಸಾಮಾನ್ಯವಾಗಿ 6ರಿಂದ 12 ವಾರ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕೋ ಹಾಗಿಲ್ಲ. ಹಾಗಂತ ಸುಮ್ಮನೆ ಮಲಗೋ ಹಾಗೂ ಇಲ್ಲ. ಡಾಕ್ಟರ್ ಹೇಳಿದಷ್ಟು ಮೊಣಕಾಲನ್ನು ದಿನಾ ಮಡಚಬೇಕು, ಇಲ್ಲದಿದ್ದರೆ ಅದು ಬಿಗಿದುಕೊಳ್ಳುತ್ತೆ. ಕೆಲಸವಿಲ್ಲದೆ ತೊಡೆಯ ಸ್ನಾಯು ಸಣ್ಣಗಾಗುತ್ತೆ, ಅದನ್ನೂ ಫಿಸಿಯೋಥೆರಪಿಯಲ್ಲಿ ಮತ್ತೆ ಬೆಳೆಸಬೇಕು. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗೋಕೆ 28 ದಿನ ಅಂತ ಲೆಕ್ಕ ಹಿಡಿಯೋರು ನಾವು. ಗೆಳೆಯನಿಗೆ ಮಾತ್ರ ಮೂರನೇ ವಾರಕ್ಕೇ 'ಇನ್ನೂ ನಡೀತಿಲ್ವಾ ಮಗಾ?' ಅಂತ ಕೇಳೋದು ಯಾವ ನ್ಯಾಯ?

ಈಗ ಹಾಜರಿ ಲೆಕ್ಕಕ್ಕೆ ಬರೋಣ. ವಿಟಿಯು ನಿಯಮದಲ್ಲಿ ಶೇ 85 ಹಾಜರಿ ಬೇಕು, ಸರಿಯಾದ ಕಾರಣ ಇದ್ದರೆ ಶೇ 10ರವರೆಗೆ ರಿಯಾಯಿತಿ. ಸೆಮಿಸ್ಟರ್‌ಗೆ 16 ವಾರ ಅಂತ ಹಿಡಿದರೆ, ರಿಯಾಯಿತಿ ಪೂರ್ತಿ ಸಿಕ್ಕಿದರೂ ಒಬ್ಬ ಮನೆಯಲ್ಲಿ ಇರಬಹುದಾದದ್ದು 4 ವಾರ. ಮೂಳೆ ಕೇಳೋದು ಅದಕ್ಕಿಂತ ಜಾಸ್ತಿ. ಅಂದರೆ ಐದನೇ ವಾರಕ್ಕೆ ಅವನು ವಾಕರ್ ಹಿಡ್ಕೊಂಡೇ ಕಾಲೇಜಿಗೆ ಬರಬೇಕು, ಇಲ್ಲಾ ಸೆಮಿಸ್ಟರ್ ಬಿಡಬೇಕು.

ಬಂದರೆ ಏನಿದೆ? ಕ್ಲಾಸು ಮೂರನೇ ಮಹಡಿಯಲ್ಲಿ. ಲಿಫ್ಟ್ ಬಾಗಿಲ ಮೇಲೆ 'ಸ್ಟಾಫ್ ಓನ್ಲಿ' ಬೋರ್ಡು. ಟಾಯ್ಲೆಟ್ ಎಲ್ಲಾ ಇಂಡಿಯನ್, ಮಂಡಿ ಮಡಚದವನು ಕೂರೋದು ಹೇಗೆ? ಲ್ಯಾಬಲ್ಲಿ ಮೂರು ಗಂಟೆ ನಿಂತೇ ಇರಬೇಕು. ಊರುಗೋಲು ಒಮ್ಮೆ ಜಾರಿದರೆ ಆಪರೇಷನ್ ಮಾಡಿದ್ದೆಲ್ಲ ನೀರುಪಾಲು.

'ಒಬ್ಬನಿಗೋಸ್ಕರ ಇಡೀ ಟೈಮ್‌ಟೇಬಲ್ ಬದಲಾಯಿಸೋಕಾಗುತ್ತಾ?' ಅಂತ ಕೇಳ್ತಾರೆ. ಟೈಮ್‌ಟೇಬಲ್ ಬೇಡ, ರೂಮ್ ಬದಲಾಯಿಸಿದರೆ ಸಾಕು. ಅರವತ್ತು ಜನ ಕೆಳಗೆ ಇಳಿಯೋದು ಐದು ನಿಮಿಷದ ಕೆಲಸ, ಒಬ್ಬ ಮೇಲೆ ಹತ್ತೋದು ಅಪಾಯದ ಕೆಲಸ. ಇನ್ನೂ ಒಂದು ಮಾತು. ನಮ್ಮ ಗೆಳೆಯನಿಗೆ ಇದು ಮೂರ್ನಾಲ್ಕು ತಿಂಗಳ ಪಾಡು. ಜೀವನಪೂರ್ತಿ ವೀಲ್‌ಚೇರಿನಲ್ಲಿ ಓಡಾಡೋರಿಗೆ ಇದೇ ಮೆಟ್ಟಿಲು ನಾಲ್ಕು ವರ್ಷ. ಕಾಲೇಜು ಕಟ್ಟಡಗಳು ಅಂಥವರಿಗೂ ಅನುಕೂಲವಾಗಿ ಇರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತೆ. ನಮ್ಮ ಬ್ಲಾಕಿನಲ್ಲಿ ಅಂಥವರು ಒಬ್ಬರೂ ಕಾಣಲ್ಲ. ಯಾಕೆ ಅಂತ ಮೆಟ್ಟಿಲು ನೋಡಿದರೆ ಗೊತ್ತಾಗುತ್ತೆ.

ನಾವು ಕೇಳೋದು ಇಷ್ಟೇ. ಡಾಕ್ಟರ್ ಚೀಟಿ ಕೊಟ್ಟವರ ಸೆಕ್ಷನ್‌ಗೆ ಗ್ರೌಂಡ್ ಫ್ಲೋರ್ ರೂಮು, ಅವರಿಗೆ ಲಿಫ್ಟ್ ಬಳಸೋಕೆ ಅನುಮತಿ, ಪ್ರತಿ ಬ್ಲಾಕಿನಲ್ಲಿ ಹಿಡಿಕೆ ಇರೋ ಒಂದು ವೆಸ್ಟರ್ನ್ ಟಾಯ್ಲೆಟ್, ಲ್ಯಾಬಲ್ಲಿ ಒಂದು ಕುರ್ಚಿ. ಹಾಜರಿ ಬಗ್ಗೆ ತೀರ್ಮಾನವನ್ನು ಸೆಮಿಸ್ಟರ್ ಕೊನೆಯಲ್ಲಿ ಅಲ್ಲ, ಚೀಟಿ ಕೊಟ್ಟ ವಾರವೇ ಬರೆದು ಕೊಡಲಿ. ನೋಟ್ಸ್ ಕೊಡೋದು, ಬ್ಯಾಗ್ ಹೊರೋದು, ಫಿಸಿಯೋಗೆ ಕರ್ಕೊಂಡು ಹೋಗೋದು ನಮಗೆ ಬಿಡಿ, ಅದನ್ನು ಸರದಿ ಮೇಲೆ ಆಗಲೇ ಮಾಡ್ತಿದ್ದೀವಿ.

ಪ್ರಿನ್ಸಿಪಾಲರಿಗೆ ಕೊಡೋ ಮನವಿ ಸಿದ್ಧವಾಗಿದೆ. ಸೋಮವಾರ ಮಧ್ಯಾಹ್ನ ಕ್ಯಾಂಟೀನ್ ಹತ್ತಿರ ಇರ್ತೀವಿ, ಬಂದು ಸಹಿ ಹಾಕಿ.