ಸ್ಲೈಡ್ ಹೇಳಿದ್ದು, ಹೇಳದೆ ಉಳಿಸಿದ್ದು

1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಫೆಲಿಕ್ಸ್ ಫ್ರೆಂಕೆಲ್ ಹದಿನೆಂಟರ ಯುವತಿಯೊಬ್ಬಳ ಸಾವನ್ನು ವರದಿ ಮಾಡಿದರು. ಎದೆಬಡಿತ, ತಲೆನೋವು ಇದ್ದಕ್ಕಿದ್ದಂತೆ ಬಂದು ಹೋಗುತ್ತಿದ್ದವು. ಶವಪರೀಕ್ಷೆಯಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳಲ್ಲಿ ಗಡ್ಡೆ ಸಿಕ್ಕಿತು. ಅದನ್ನು ಸಾರ್ಕೋಮಾ (ಒಂದು ಬಗೆಯ ಕ್ಯಾನ್ಸರ್) ಎಂದೇ ಬರೆದಿಟ್ಟರು. ಕ್ರೋಮಿಯಂ ಲವಣ ತಾಗಿದರೆ ಕಂದುಬಣ್ಣಕ್ಕೆ ತಿರುಗುವ ಈ ಗಡ್ಡೆಗೆ ಫಿಯೋಕ್ರೋಮೋಸೈಟೋಮಾ ಎಂದು ಹೆಸರಿಟ್ಟವರು ಲುಡ್‌ವಿಗ್ ಪಿಕ್, 1912ರಲ್ಲಿ.

ಅಲ್ಲಿಂದೀಚೆಗೆ ಸೂಕ್ಷ್ಮದರ್ಶಕ ಕೊಟ್ಟದ್ದು ಕಡಿಮೆಯೇನಲ್ಲ. ಜೀವಕೋಶಗಳು ಗೊಂಚಲುಗೊಂಚಲಾಗಿ ಕೂಡಿರುತ್ತವೆ. ಗೊಂಚಲುಗಳ ನಡುವೆ ನವಿರಾದ ರಕ್ತನಾಳಗಳು, ಅಂಚಿನಲ್ಲಿ ತೆಳ್ಳನೆಯ ಆಸರೆಯ ಕೋಶಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಹಾರ್ಮೋನು ತುಂಬಿದ ಕಣಗಳೇ ಕಣ್ಣಿಗೆ ಬಿದ್ದವು: ಅಡ್ರಿನಲಿನ್ ಕಣದಲ್ಲಿ ತಿರುಳು ಇಡಿಯಾಗಿ ತುಂಬಿರುತ್ತದೆ, ನಾರ್ ಅಡ್ರಿನಲಿನ್ ಕಣದಲ್ಲಿ ಅದು ಒಂದು ಬದಿಗೆ ಸರಿದು ಸುತ್ತ ಖಾಲಿ ಜಾಗ ಬಿಟ್ಟಿರುತ್ತದೆ. ಯಾವ ಕೋಶ ಏನನ್ನು ತಯಾರಿಸುತ್ತಿದೆ ಎಂಬುದು ಆಕಾರದಲ್ಲೇ ಕಂಡಿತು.

ಗಡ್ಡೆ ಮುಂದೇನು ಮಾಡೀತು ಎಂಬುದು ಮಾತ್ರ ಕಾಣಲಿಲ್ಲ. ಬೇರೆ ಅಂಗಗಳಲ್ಲಿ ವಿಕಾರವಾಗಿ ಉಬ್ಬಿದ ಕೋಶಕೇಂದ್ರ ಕಂಡರೆ ಕ್ಯಾನ್ಸರಿನ ಶಂಕೆ ಬರುತ್ತದೆ. ಇಲ್ಲಿ ಎಂದೂ ಹರಡದ ಗಡ್ಡೆಯಲ್ಲೂ ಅದು ಇರಬಲ್ಲದು. ಗಡ್ಡೆ ಹರಡೀತೇ ಎಂದು ಸ್ಲೈಡ್ ನೋಡಿ ಅಳೆಯಲು 2002ರಲ್ಲಿ ಬಂದ 20 ಅಂಕಗಳ ಪಾಸ್ ಪದ್ಧತಿ ಆಸೆ ಹುಟ್ಟಿಸಿತು. ಆದರೆ ಒಂದೇ ಸ್ಲೈಡಿಗೆ ಇಬ್ಬರು ತಜ್ಞರು ಬೇರೆ ಬೇರೆ ಅಂಕ ಕೊಟ್ಟರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಸಾಧು, ಮಾರಕ ಎಂಬ ವಿಂಗಡಣೆಯನ್ನೇ ಕೈಬಿಟ್ಟು, ಇಂಥ ಪ್ರತಿಯೊಂದು ಗಡ್ಡೆಗೂ ಹರಡುವ ಸಾಧ್ಯತೆ ಇದೆ ಎಂದಿತು. ಇಷ್ಟು ವರ್ಷಗಳಲ್ಲಿ ಈ ಶಾಸ್ತ್ರ ಇಟ್ಟ ಅತಿ ಪ್ರಾಮಾಣಿಕ ಹೆಜ್ಜೆ ಅದೇ ಎಂದು ನಾವು ನಂಬುತ್ತೇವೆ.

ಸ್ಲೈಡಿನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಸ್‌ಡಿಎಚ್‌ಬಿ ಪ್ರೋಟೀನಿನ ಬಣ್ಣಪರೀಕ್ಷೆಯಲ್ಲಿ ಗಡ್ಡೆಯ ಕೋಶಗಳು ಬಣ್ಣ ಹಿಡಿಯದೆ, ಪಕ್ಕದ ರಕ್ತನಾಳದ ಕೋಶಗಳು ಮಾತ್ರ ಹಿಡಿದರೆ, ದೋಷ ವಂಶದಲ್ಲೇ ಇರಬಹುದೆಂಬ ಬಲವಾದ ಸುಳಿವು ಸಿಗುತ್ತದೆ. ಆದರೆ ವಂಶದೋಷಗಳೆಲ್ಲ ಈ ಪರೀಕ್ಷೆಗೆ ಸಿಗುವುದಿಲ್ಲ. ಫ್ರೆಂಕೆಲ್ ಕಂಡ ಯುವತಿಯ ಬಂಧುಗಳಲ್ಲಿ, ಹಾಗೆ ಸಿಗದ ರೆಟ್ ಜೀನಿನ ದೋಷ ಪತ್ತೆಯಾಗಿ ವರದಿಯಾದದ್ದು 2007ರಲ್ಲಿ. ಈ ಕಾಯಿಲೆ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಯಾವುದಾದರೊಂದು ಜೀನಿನ ದೋಷ ಹುಟ್ಟಿನಿಂದಲೇ ಬಂದಿರುತ್ತದೆ.

ಆದ್ದರಿಂದ ವರದಿಯಲ್ಲಿ ಇನ್ನೂ ಎಲ್ಲಾದರೂ 'ಅಪಾಯವಿಲ್ಲದ ಗಡ್ಡೆ' ಎಂದು ಕಂಡರೆ ಅಷ್ಟಕ್ಕೇ ಸಮಾಧಾನಪಡಬಾರದು. ಆಪರೇಷನ್ ಆದ ಮೇಲೂ ಕನಿಷ್ಠ ಹತ್ತು ವರ್ಷ, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಜೀನ್ ಪರೀಕ್ಷೆಯ ಮಾತನ್ನು ವೈದ್ಯರೇ ಎತ್ತಬೇಕು. ದೋಷ ಕಂಡುಬಂದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆಸಿ ಪರೀಕ್ಷಿಸಬೇಕು.